ಶೇಕಡಾ ಅರವತ್ತು ಬ್ಲಾಕ್ ಎಂದರೆ ಎಷ್ಟು? ಆಂಜಿಯೊಗ್ರಾಂ ನಂತರದ ಪರೀಕ್ಷೆಗಳ ಕುರಿತು

ಪ್ರಶ್ನೆ: ಡಾಕ್ಟರೇ, ನಾವು ತುಮಕೂರಿನವರು. ನಮ್ಮ ಯಜಮಾನರಿಗೆ 56 ವರ್ಷ, ಪ್ರೌಢಶಾಲೆಯ ಶಿಕ್ಷಕರು. ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಇದೆ. ನಾಲ್ಕು ತಿಂಗಳಿಂದ ಮೆಟ್ಟಿಲು ಹತ್ತಿದರೆ ಎದೆ ಹಿಡಿದಂತಾಗುತ್ತದೆ, ನಿಂತರೆ ಎರಡು ನಿಮಿಷದಲ್ಲಿ ಸರಿಹೋಗುತ್ತದೆ. ಇಸಿಜಿ, ಎಕೋ ಚೆನ್ನಾಗಿದ್ದವು, ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡುವ ಟಿಎಂಟಿ ಪಾಸಿಟಿವ್ ಬಂತು. ಕಳೆದ ವಾರ ಕೈಯಿಂದ ಆಂಜಿಯೊಗ್ರಾಂ ಮಾಡಿ, ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ ನಾಳವಾದ ಎಲ್‌ಎಡಿಯ ಮಧ್ಯದಲ್ಲಿ ಶೇ 60ರಷ್ಟು ಬ್ಲಾಕ್ ಇದೆ, ಉಳಿದ ನಾಳಗಳು ಚೆನ್ನಾಗಿವೆ ಎಂದರು. ಈಗ ಮತ್ತೊಮ್ಮೆ ಬಂದು ಎಫ್‌ಎಫ್‌ಆರ್ ಮಾಡಿಸಿ, ಬೇಕಾದರೆ ಐವಸ್ ಅಥವಾ ಒಸಿಟಿ ನೋಡಿ ಸ್ಟೆಂಟ್ ಹಾಕೋಣ ಎನ್ನುತ್ತಿದ್ದಾರೆ. ಒಮ್ಮೆ ಚಿತ್ರ ತೆಗೆದ ಮೇಲೆ ಮತ್ತೆ ಒಳಗೆ ಕ್ಯಾಮೆರಾ ಏಕೆ? ಇದು ದುಡ್ಡಿಗಾಗಿಯೇ? ತಂತಿ ತೂರಿಸಿದರೆ ಬ್ಲಾಕ್ ಕಿತ್ತುಕೊಂಡು ಹಾರ್ಟ್ ಅಟ್ಯಾಕ್ ಆಗುತ್ತದೆ, ಅದರ ಬದಲು ಸಿಟಿ ಮಾಡಿಸಿ ಎಂದು ನನ್ನ ಮೈದುನ ಹೇಳುತ್ತಾರೆ. ಕ್ರಿಯಾಟಿನಿನ್ 1.3 ಇದೆ, ಡೈನಿಂದ ಕಿಡ್ನಿ ಹಾಳಾಗುವುದೇ? ಬೆಳ್ಳುಳ್ಳಿ, ಶುಂಠಿ, ನಿಂಬೆರಸದ ಕಷಾಯದಿಂದ ಬ್ಲಾಕ್ ಕರಗುತ್ತದೆ ಎಂಬುದು ನಿಜವೇ?

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿದ್ದರೂ ಅವುಗಳ ಹಿಂದಿರುವ ಅನುಮಾನ ಒಂದೇ: ಒಮ್ಮೆ ನೋಡಿದ್ದನ್ನು ಮತ್ತೆ ನೋಡಬೇಕೆನ್ನುವುದು ವೈದ್ಯಕೀಯ ಅಗತ್ಯವೋ, ಆಸ್ಪತ್ರೆಯ ಅಗತ್ಯವೋ? ಈ ಅನುಮಾನ ತಪ್ಪಲ್ಲ. ನೀವು ಹೆಸರಿಸಿರುವ ಪರೀಕ್ಷೆಗಳಲ್ಲಿ ಒಂದು (ನಾಳದೊಳಗಿನ ಒತ್ತಡ ಅಳೆಯುವ ಎಫ್‌ಎಫ್‌ಆರ್) ನಿಮ್ಮ ಯಜಮಾನರಿಗೆ ನಿಜಕ್ಕೂ ಉಪಯುಕ್ತವಾದದ್ದು. ಉಳಿದೆರಡು (ನಾಳದೊಳಗಿನಿಂದ ಚಿತ್ರ ತೆಗೆಯುವ ಐವಸ್, ಒಸಿಟಿ) ಬೇಕೋ ಬೇಡವೋ ಎಂಬುದು ಆ ಒಂದರ ಉತ್ತರವನ್ನು ಅವಲಂಬಿಸಿದೆ.

ಮೊದಲು ಆಂಜಿಯೊಗ್ರಾಂ ಏನನ್ನು ತೋರಿಸುತ್ತದೆ, ಏನನ್ನು ತೋರಿಸುವುದಿಲ್ಲ ಎಂಬುದನ್ನು ಹೇಳಬೇಕು. ಹೃದಯದ ರಕ್ತನಾಳದೊಳಕ್ಕೆ ನೇರವಾಗಿ ಡೈ (ಎಕ್ಸ್‌ರೇಯಲ್ಲಿ ಕಾಣುವ ದ್ರವ) ಬಿಡುವ ಈ ವಿಧಾನ ಹುಟ್ಟಿದ್ದೇ ಆಕಸ್ಮಿಕವಾಗಿ. 1958ರ ಅಕ್ಟೋಬರ್‌ನಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಡಾ. ಮೇಸನ್ ಸೋನ್ಸ್ ಅವರು ಮಹಾಪಧಮನಿಯ ಚಿತ್ರ ತೆಗೆಯಲು ಹೊರಟಿದ್ದಾಗ ಕ್ಯಾತಿಟರ್ ಎಂಬ ತೆಳು ಕೊಳವೆ ಜಾರಿ ಬಲಗಡೆಯ ಹೃದಯನಾಳದ ಬಾಯಿಗೆ ಸೇರಿಕೊಂಡಿತ್ತು, ಸುಮಾರು 30 ಮಿ.ಲೀ. ಡೈ ನೇರವಾಗಿ ಆ ನಾಳದೊಳಗೆ ಹೋಯಿತು. ಹಾಗಾದರೆ ಮನುಷ್ಯ ಉಳಿಯುವುದಿಲ್ಲವೆಂದು ನಂಬಿದ್ದ ಕಾಲವದು. ರೋಗಿಯ ಹೃದಯ ಕೆಲವು ಕ್ಷಣ ನಿಂತೂ ಹೋಯಿತು; ಕೆಮ್ಮಲು ಹೇಳಿದರು, ಮತ್ತೆ ಬಡಿಯತೊಡಗಿತು. ಇಂದು ನಾವು ಒಂದು ಸಲಕ್ಕೆ ಬಿಡುವ ಡೈ ಕೆಲವೇ ಮಿ.ಲೀ.ನಷ್ಟು. ಆದರೆ ಸಿಗುವ ಚಿತ್ರದ ಸ್ವಭಾವ ಮಾತ್ರ ಅಂದಿನದೇ. ಅದು ರಕ್ತ ಹರಿಯುವ ದಾರಿಯ ನೆರಳು. ನಾಳದ ಗೋಡೆ ಅದರಲ್ಲಿ ಕಾಣುವುದಿಲ್ಲ.

ಗೋಡೆ ಕಾಣದಿದ್ದರೆ ಏನಾಯಿತು ಎಂದು ನೀವು ಕೇಳಬಹುದು. ನಿಮ್ಮ ಕಡೆಯ ತೋಟಗಳಲ್ಲಿ ಬೋರ್‌ವೆಲ್ ನೀರಿನ ಉಪ್ಪು ಕಟ್ಟಿ ಹನಿ ನೀರಾವರಿಯ ಪೈಪು ಮುಚ್ಚಿಹೋಗುವುದನ್ನು ನೋಡಿರುತ್ತೀರಿ. ಬ್ಲಾಕ್ ಎಂದರೆ ಎಲ್ಲರೂ ಹಾಗೆಯೇ ಕಲ್ಪಿಸಿಕೊಳ್ಳುತ್ತಾರೆ, ಕೆಲವು ವೈದ್ಯರೂ ಹಾಗೆಯೇ ಚಿತ್ರ ಬರೆದು ತೋರಿಸುತ್ತಾರೆ. ವಾಸ್ತವದಲ್ಲಿ ಕೊಬ್ಬು ಸೇರುವುದು ಪೈಪಿನ ಒಳಮೈ ಮೇಲಲ್ಲ, ಗೋಡೆಯ ಒಳಪದರದ ಅಡಿಯಲ್ಲಿ. ಹಳೆಯ ಮನೆಯ ಗೋಡೆಗೆ ತೇವ ಇಳಿದು ಗಾರೆ ಉಬ್ಬಿಕೊಳ್ಳುವಂತೆ ಅದು ಬೆಳೆಯುತ್ತದೆ. ಜೊತೆಗೆ ನಾಳವೂ ಸುಮ್ಮನಿರುವುದಿಲ್ಲ. ಒಳಗಿನ ಉಬ್ಬಿಗೆ ಎಡೆ ಮಾಡಿಕೊಡಲು ತಾನೇ ಹೊರಕ್ಕೆ ಹಿಗ್ಗುತ್ತದೆ. ಗೋಡೆಯೊಳಗಿನ ಜಾಗದ ಸುಮಾರು ಶೇ 40ರಷ್ಟನ್ನು ಕೊಬ್ಬು ತುಂಬುವವರೆಗೂ ರಕ್ತದ ದಾರಿ ಕಿರಿದಾಗದೆಯೇ ಇರಬಹುದೆಂದು 1987ರಲ್ಲಿ ಗ್ಲಾಗೋವ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಆದ್ದರಿಂದ ‘ಉಳಿದ ನಾಳಗಳು ಚೆನ್ನಾಗಿವೆ’ ಎಂಬ ಮಾತನ್ನು ‘ಉಳಿದ ನಾಳಗಳ ದಾರಿ ಸದ್ಯಕ್ಕೆ ಅಗಲವಾಗಿದೆ’ ಎಂದಷ್ಟೇ ಓದಿಕೊಳ್ಳಬೇಕು. ಒಂಬತ್ತು ವರ್ಷದ ಸಕ್ಕರೆ ಕಾಯಿಲೆಯವರಲ್ಲಿ ಗೋಡೆ ಶುದ್ಧವಾಗಿರುವ ಸಾಧ್ಯತೆ ಕಡಿಮೆ.

ಇನ್ನು ಆ ಶೇ 60. ಪರದೆಯ ಮೇಲೆ ಕಿರಿದಾದ ಜಾಗವನ್ನು ಪಕ್ಕದ ಆರೋಗ್ಯವಂತ ಜಾಗದ ಅಗಲಕ್ಕೆ ಹೋಲಿಸಿ, ಸಾಮಾನ್ಯವಾಗಿ ಕಣ್ಣಳತೆಯಲ್ಲಿ ಹೇಳುವ ಸಂಖ್ಯೆ ಅದು. ಒಂದೇ ಫಿಲ್ಮನ್ನು ಒಬ್ಬರು ಶೇ 50 ಎಂದರೆ ಇನ್ನೊಬ್ಬರು ಶೇ 70 ಎನ್ನುವುದು ನಮ್ಮ ವೃತ್ತಿಯಲ್ಲಿ ದಿನನಿತ್ಯದ ಸಂಗತಿ. ನಾನೇ ಒಂದು ವಾರ ಬಿಟ್ಟು ಅದೇ ಫಿಲ್ಮನ್ನು ನೋಡಿದರೆ ಬೇರೆ ಸಂಖ್ಯೆ ಹೇಳಿಯೇನು. ಇನ್ನೊಂದು ಗೊಂದಲವೂ ಇದರ ಜೊತೆಗೆ ಬರುತ್ತದೆ. ಆಂಜಿಯೊಗ್ರಾಂನ ಶೇಕಡಾ ಲೆಕ್ಕ ವ್ಯಾಸದ್ದು, ಐವಸ್ ಮತ್ತು ಒಸಿಟಿ ವರದಿಗಳಲ್ಲಿ ಬರುವುದು ಹೆಚ್ಚಾಗಿ ವಿಸ್ತೀರ್ಣದ್ದು. ವ್ಯಾಸ ಅರ್ಧವಾದರೆ ವಿಸ್ತೀರ್ಣ ಕಾಲು ಭಾಗಕ್ಕೆ ಇಳಿಯುತ್ತದೆ. ಅಂದರೆ ವ್ಯಾಸದಲ್ಲಿ ಶೇ 50ರ ಬ್ಲಾಕ್ ವಿಸ್ತೀರ್ಣದಲ್ಲಿ ಶೇ 75, ನಿಮ್ಮ ಶೇ 60 ಅಲ್ಲಿ ಶೇ 84. ಮುಂದೆ ಅಂಥ ವರದಿ ನಿಮ್ಮ ಕೈಗೆ ಬಂದರೆ, ಒಂದೇ ವಾರದಲ್ಲಿ ಬ್ಲಾಕ್ ಬೆಳೆದುಬಿಟ್ಟಿತೆಂದು ಗಾಬರಿಯಾಗಬೇಡಿ. ಬದಲಾದದ್ದು ಅಳತೆಯ ಕೋಲು ಮಾತ್ರ.

ಇಲ್ಲಿಂದ ಎಫ್‌ಎಫ್‌ಆರ್‌ಗೆ ಬರೋಣ. ಅದು ಕ್ಯಾಮೆರಾ ಅಲ್ಲ, ಒತ್ತಡ ಅಳೆಯುವ ತಂತಿ. 0.36 ಮಿ.ಮೀ. ದಪ್ಪದ, ತುದಿಯ ಬಳಿ ಒತ್ತಡಮಾಪಕವಿರುವ ತಂತಿಯನ್ನು ಬ್ಲಾಕ್ ದಾಟಿಸಿ, ಅಡೆನೊಸಿನ್ ಎಂಬ ಔಷಧಿಯಿಂದ ಹೃದಯದ ರಕ್ತಪ್ರವಾಹವನ್ನು ಗರಿಷ್ಠ ಮಟ್ಟಕ್ಕೇರಿಸಿ, ಬ್ಲಾಕಿನ ಆಚೆಗಿನ ಒತ್ತಡವನ್ನು ಈಚೆಗಿನ ಒತ್ತಡದಿಂದ ಭಾಗಿಸುತ್ತಾರೆ. ಆರೋಗ್ಯವಂತ ನಾಳದಲ್ಲಿ ಅದು 1ರ ಹತ್ತಿರವಿರುತ್ತದೆ. 0.80 ಅಥವಾ ಅದಕ್ಕಿಂತ ಕಡಿಮೆ ಬಂದರೆ ಆ ಬ್ಲಾಕ್ ಹೃದಯದ ಸ್ನಾಯುವಿಗೆ ರಕ್ತದ ಕೊರತೆ ಮಾಡುತ್ತಿದೆ ಎಂದರ್ಥ. ಅಡೆನೊಸಿನ್ ಕೊಟ್ಟಾಗ ಒಂದೆರಡು ನಿಮಿಷ ಎದೆ ಬಿಗಿದು ಉಸಿರು ಕಟ್ಟಿದಂತಾಗುವುದುಂಟು. ಮುಂಚೆಯೇ ತಿಳಿದಿದ್ದರೆ ಹೆದರಿಕೆಯಾಗುವುದಿಲ್ಲ. ತೀವ್ರ ಅಸ್ತಮಾ ಇರುವವರಿಗೆ ಈ ಔಷಧಿ ಸಲ್ಲದು. ಅಂಥವರಿಗೆ ಔಷಧಿಯಿಲ್ಲದೆ ವಿಶ್ರಾಂತಿಯಲ್ಲೇ ಅಳೆಯುವ ಐಎಫ್‌ಆರ್ ಎಂಬ ಬಗೆ ಇದೆ, ಅದರ ಗಡಿ 0.89.

ಶೇ 60ರ ಬ್ಲಾಕಿಗೆ ಈ ಅಳತೆ ಏಕೆ ಮುಖ್ಯವೆಂದರೆ, ಕಣ್ಣು ಅತಿ ಹೆಚ್ಚು ಮೋಸ ಹೋಗುವುದು ಈ ವಲಯದಲ್ಲಿಯೇ. ಫೇಮ್ ಎಂಬ ಅಧ್ಯಯನದಲ್ಲಿ ಆಂಜಿಯೊಗ್ರಾಂ ಪ್ರಕಾರ ಶೇ 50ರಿಂದ 70ರಷ್ಟಿದ್ದ ಬ್ಲಾಕ್‌ಗಳನ್ನು ತಂತಿಯಿಂದ ಅಳೆದಾಗ ನಿಜಕ್ಕೂ ರಕ್ತಪ್ರವಾಹಕ್ಕೆ ಅಡ್ಡಿಯಾಗಿದ್ದವು ಶೇ 35 ಮಾತ್ರ. ಶೇ 71ರಿಂದ 90ರ ಗುಂಪಿನಲ್ಲಿಯೂ ಐದರಲ್ಲಿ ಒಂದು ಬ್ಲಾಕ್ ಅಡ್ಡಿ ಮಾಡುತ್ತಿರಲಿಲ್ಲ. ಹೀಗಾಗಿ ನಿಮ್ಮ ವೈದ್ಯರು ಶೇ 60 ಕಂಡೊಡನೆ ಸ್ಟೆಂಟ್ ಹಾಕದೆ, ಅಳೆದು ನೋಡೋಣ ಎಂದದ್ದನ್ನು ನಾನು ಅವರ ಪರವಾಗಿಯೇ ಓದುತ್ತೇನೆ. ದುಡ್ಡೊಂದೇ ಗುರಿಯಾಗಿದ್ದರೆ ಅಂದೇ, ಅದೇ ಮೇಜಿನ ಮೇಲೆ ಸ್ಟೆಂಟ್ ಹಾಕಿ ಕಳಿಸುವುದು ಸುಲಭವಿತ್ತು. ತಂತಿಯ ಪರೀಕ್ಷೆಯನ್ನೂ ಅಂದೇ ಮಾಡಿದ್ದರೆ ನಿಮಗೆ ಎರಡನೆಯ ಪ್ರಯಾಣ ತಪ್ಪುತ್ತಿತ್ತು ಎಂಬುದೂ ನಿಜ, ಆದರೆ ಖರ್ಚಿಗೆ ಮನೆಯವರ ಒಪ್ಪಿಗೆ ಮೊದಲೇ ಪಡೆದಿರದಿದ್ದರೆ ಎಷ್ಟೋ ಆಸ್ಪತ್ರೆಗಳಲ್ಲಿ ಅಲ್ಲಿಗೇ ನಿಲ್ಲಿಸುತ್ತಾರೆ.

ಅಳತೆ 0.80ಕ್ಕಿಂತ ಹೆಚ್ಚು ಬಂದು ಸ್ಟೆಂಟ್ ಮುಂದೂಡಿದರೆ ಅಪಾಯವಿಲ್ಲವೇ? ಡಿಫರ್ ಎಂಬ ಅಧ್ಯಯನದಲ್ಲಿ, ತಂತಿಯ ಅಳತೆ ಚೆನ್ನಾಗಿದ್ದುದರಿಂದ ಸ್ಟೆಂಟ್ ಹಾಕದೆ ಬಿಟ್ಟ ಬ್ಲಾಕ್‌ಗಳಿಂದ ಸಾವು ಅಥವಾ ಹೃದಯಾಘಾತವಾಗುವ ಸಂಭವ ವರ್ಷಕ್ಕೆ ಶೇ 1ಕ್ಕಿಂತ ಕಡಿಮೆ ಇತ್ತು. ಅಂಥ ಬ್ಲಾಕಿಗೆ ಸ್ಟೆಂಟ್ ಹಾಕಿದರೆ ಅದರ ಅಪಾಯಗಳು ಮಾತ್ರ ನಮ್ಮ ಪಾಲಿಗೆ, ಲಾಭವಿಲ್ಲ. ಸಕ್ಕರೆ ಕಾಯಿಲೆಯವರ ವಿಷಯದಲ್ಲಿ ಮಾತ್ರ ಇದಕ್ಕೆ ಒಂದು ತಿದ್ದುಪಡಿ ಬೇಕು, ಅದಕ್ಕೆ ಮುಂದೆ ಬರುತ್ತೇನೆ.

ಈಗ ಕ್ಯಾಮೆರಾಗಳು. ಐವಸ್ ಎಂದರೆ ಒಂದು ಮಿ.ಮೀ. ದಪ್ಪದ ಕ್ಯಾತಿಟರಿನ ತುದಿಯಲ್ಲಿ ಕೂಡಿಸಿದ ಅಲ್ಟ್ರಾಸೌಂಡ್. ಗರ್ಭಿಣಿಯರ ಸ್ಕ್ಯಾನಿಂಗ್‌ನ ತತ್ತ್ವವೇ. ಒಸಿಟಿ ಅಲ್ಲಿ ಶಬ್ದದ ಬದಲು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಬಳಸುತ್ತಾರೆ. ಎರಡೂ ನಾಳವನ್ನು ಒಳಗಿನಿಂದ ಸುತ್ತಲೂ ನೋಡುತ್ತ ಹಿಂದಕ್ಕೆ ಸರಿದು, ಸೌತೆಕಾಯಿ ಬಿಲ್ಲೆಗಳಂತೆ ಅಡ್ಡಸೀಳು ಚಿತ್ರಗಳ ಸಾಲನ್ನು ಕೊಡುತ್ತವೆ. ಐವಸ್ ಗೋಡೆಯ ಆಳದವರೆಗೆ ನೋಡಬಲ್ಲದು, ಆದರೆ ನೂರು ಮೈಕ್ರಾನ್‌ಗಿಂತ (ಅಂದರೆ ಮಿ.ಮೀ.ನ ಹತ್ತನೇ ಒಂದು ಭಾಗಕ್ಕಿಂತ) ಸಣ್ಣ ವಿವರ ಅದಕ್ಕೆ ಕಾಣದು. ಒಸಿಟಿ ಒಂದೆರಡು ಮಿ.ಮೀ. ಆಳವನ್ನಷ್ಟೇ ನೋಡಿದರೂ ಹತ್ತು-ಇಪ್ಪತ್ತು ಮೈಕ್ರಾನ್ ಸೂಕ್ಷ್ಮತೆಯಲ್ಲಿ ನೋಡುತ್ತದೆ. ಬೆಳಕು ರಕ್ತವನ್ನು ಭೇದಿಸಲಾರದಾದ್ದರಿಂದ ಒಸಿಟಿ ಮಾಡುವಾಗ ಪ್ರತಿ ಸಲವೂ ಡೈ ಹಾಯಿಸಿ ನಾಳವನ್ನು ಕೆಲವು ಸೆಕೆಂಡ್ ತಿಳಿಗೊಳಿಸಬೇಕಾಗುತ್ತದೆ. ಐವಸ್‌ಗೆ ಆ ಅಗತ್ಯವಿಲ್ಲ. ಕಿಡ್ನಿಯ ಚಿಂತೆಯಿರುವವರಲ್ಲಿ ನಾನು ಸಾಮಾನ್ಯವಾಗಿ ಐವಸ್ ಆರಿಸಿಕೊಳ್ಳುವುದು ಇದೇ ಕಾರಣಕ್ಕೆ. ಎಡಭಾಗದ ಮುಖ್ಯನಾಳದ ಬಾಯಿಯ ಬಳಿ ಬ್ಲಾಕ್ ಇದ್ದಾಗಲೂ ಐವಸ್ಸೇ ಮೇಲು.

ಈ ಕ್ಯಾಮೆರಾಗಳು ಹೆಚ್ಚು ಸಹಾಯ ಮಾಡುವುದು ‘ಸ್ಟೆಂಟ್ ಬೇಕೇ’ ಎಂಬ ಪ್ರಶ್ನೆಗಲ್ಲ, ‘ಹೇಗೆ ಹಾಕಬೇಕು’ ಎಂಬ ಪ್ರಶ್ನೆಗೆ. 2022ರಲ್ಲಿ ಪ್ರಕಟವಾದ, ಕೊರಿಯಾ ಮತ್ತು ಚೀನಾದಲ್ಲಿ 1,682 ಮಂದಿಯ ಮೇಲೆ ನಡೆದ ಒಂದು ಅಧ್ಯಯನದಲ್ಲಿ, ನಿಮ್ಮ ಯಜಮಾನರಂತೆ ನಡುಮಟ್ಟದ ಬ್ಲಾಕ್ ಇದ್ದವರಲ್ಲಿ ಅರ್ಧದಷ್ಟು ಜನರಿಗೆ ಎಫ್‌ಎಫ್‌ಆರ್ ನೋಡಿ, ಉಳಿದರ್ಧ ಜನರಿಗೆ ಐವಸ್ ನೋಡಿ ತೀರ್ಮಾನಿಸಿದರು. ಐವಸ್ ಗುಂಪಿನಲ್ಲಿ ಶೇ 65 ಮಂದಿಗೆ, ತಂತಿಯ ಗುಂಪಿನಲ್ಲಿ ಶೇ 44 ಮಂದಿಗೆ ಸ್ಟೆಂಟ್ ಬಿತ್ತು. ಎರಡು ವರ್ಷದ ನಂತರ ಎರಡೂ ಗುಂಪಿನವರ ಸ್ಥಿತಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಗೋಡೆಯೊಳಗಿನ ಕೊಬ್ಬನ್ನು ಕಣ್ಣಾರೆ ಕಂಡ ವೈದ್ಯನ ಕೈ ಸ್ಟೆಂಟ್ ಕಡೆಗೆ ಹೋಗುವುದು ಸಹಜ, ನನ್ನದೂ ಹೋಗುತ್ತದೆ. ಆದ್ದರಿಂದ ಮೊದಲು ತಂತಿಯ ಅಳತೆ, ಆಮೇಲೆ ಬೇಕಿದ್ದರೆ ಕ್ಯಾಮೆರಾ ಎಂಬ ನಿಮ್ಮ ವೈದ್ಯರ ಕ್ರಮ ಸರಿಯಾಗಿದೆ.

ಸ್ಟೆಂಟ್ ಹಾಕುವುದೇ ಎಂದಾದರೆ ಒಳಗಿನ ಚಿತ್ರ ಖರ್ಚಿಗೆ ತಕ್ಕ ಕೆಲಸ ಮಾಡುತ್ತದೆ. ನಾಳದ ನಿಜವಾದ ವ್ಯಾಸವೆಷ್ಟು, ಕೊಬ್ಬು ಎಲ್ಲಿಂದ ಎಲ್ಲಿಯವರೆಗೆ ಹಬ್ಬಿದೆ, ಸುಣ್ಣ ಕಟ್ಟಿ ಗಟ್ಟಿಯಾಗಿದೆಯೇ, ಹಾಕಿದ ಸ್ಟೆಂಟ್ ಪೂರ್ತಿ ಅರಳಿ ಗೋಡೆಗೆ ಒತ್ತಿ ಕುಳಿತಿದೆಯೇ ಎಂಬುದನ್ನು ನೆರಳಿನ ಚಿತ್ರ ಹೇಳಲಾರದು. ಸ್ಟೆಂಟ್ ಮತ್ತೆ ಮುಚ್ಚಿಕೊಳ್ಳುವುದಕ್ಕೆ ಅಥವಾ ಅದರೊಳಗೆ ರಕ್ತ ಹೆಪ್ಪುಗಟ್ಟುವುದಕ್ಕೆ ಒಂದು ಮುಖ್ಯ ಕಾರಣ ಅದು ಸರಿಯಾಗಿ ಅರಳದಿರುವುದು. ಜಟಿಲವಾದ ಬ್ಲಾಕ್‌ಗಳ ಬಗ್ಗೆ 2023ರಲ್ಲಿ ಪ್ರಕಟವಾದ ಕೊರಿಯಾದ ಇನ್ನೊಂದು ಅಧ್ಯಯನದಲ್ಲಿ, ಒಳಚಿತ್ರ ನೋಡಿ ಸ್ಟೆಂಟ್ ಹಾಕಿದವರಲ್ಲಿ ಆ ನಾಳಕ್ಕೆ ಸಂಬಂಧಿಸಿದ ಸಾವು, ಹೃದಯಾಘಾತ, ಮರುಚಿಕಿತ್ಸೆ ಎಲ್ಲ ಸೇರಿ ಶೇ 7.7, ಆಂಜಿಯೊಗ್ರಾಂ ಒಂದನ್ನೇ ನಂಬಿ ಹಾಕಿದವರಲ್ಲಿ ಶೇ 12.3. ಮುಖ್ಯನಾಳದ, ಕವಲೊಡೆಯುವ ಜಾಗದ ಅಥವಾ ಉದ್ದನೆಯ ಬ್ಲಾಕ್‌ಗಳಿಗೆ ಒಳಚಿತ್ರ ನೋಡಿಯೇ ಸ್ಟೆಂಟ್ ಹಾಕಬೇಕೆಂದು ಯುರೋಪಿನ 2024ರ ಮಾರ್ಗಸೂಚಿ ಹೇಳುತ್ತದೆ. ಸುಣ್ಣವಿಲ್ಲದ, ಗಿಡ್ಡನೆಯ, ನೇರವಾದ ಬ್ಲಾಕಿಗೆ ಅದೇ ಒತ್ತಾಯವಿಲ್ಲ. ನಿಮ್ಮ ವೈದ್ಯರನ್ನು ಕೇಳಬೇಕಾದ ಮೊದಲ ಮಾತು ಇದೇ: ಬ್ಲಾಕ್ ಎಷ್ಟು ಉದ್ದ, ಕವಲಿನ ಬಳಿ ಇದೆಯೇ, ಸುಣ್ಣ ಕಟ್ಟಿದೆಯೇ?

ಸಕ್ಕರೆ ಕಾಯಿಲೆಯ ತಿದ್ದುಪಡಿ ಎಂದೆನಲ್ಲ, ಅದು ಹೀಗಿದೆ. ಕೊಬ್ಬಿನ ಗುಳ್ಳೆಯನ್ನು ರಕ್ತದಿಂದ ಬೇರ್ಪಡಿಸುವ ತೆಳುಪೊರೆ ಕೆಲವರಲ್ಲಿ 65 ಮೈಕ್ರಾನ್‌ಗಿಂತಲೂ ತೆಳುವಾಗಿರುತ್ತದೆ, ಹೆಚ್ಚುಕಡಿಮೆ ತಲೆಗೂದಲಿನಷ್ಟು. ಅದು ಒಡೆದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗುತ್ತದೆ. ಈ ಪೊರೆಯ ದಪ್ಪವನ್ನು ಜೀವಂತ ಮನುಷ್ಯನಲ್ಲಿ ಅಳೆಯಬಲ್ಲ ಸಾಧನ ಒಸಿಟಿ. 2021ರಲ್ಲಿ ಪ್ರಕಟವಾದ, ಮಧುಮೇಹಿಗಳನ್ನೇ ಕುರಿತ ಒಂದು ಅಧ್ಯಯನದಲ್ಲಿ, ಎಫ್‌ಎಫ್‌ಆರ್ ಚೆನ್ನಾಗಿದ್ದರೂ ಒಸಿಟಿಯಲ್ಲಿ ಅಂಥ ತೆಳುಪೊರೆ ಕಂಡವರಲ್ಲಿ ಒಂದೂವರೆ ವರ್ಷದಲ್ಲಿ ಶೇ 13.3 ಮಂದಿಗೆ ತೊಂದರೆಯಾಯಿತು; ಪೊರೆ ದಪ್ಪವಿದ್ದವರಲ್ಲಿ ಅದು ಶೇ 3.1. ಹಾಗೆಂದು ಎಲ್ಲ ಮಧುಮೇಹಿಗಳಿಗೂ ಒಸಿಟಿ ಮಾಡಿಸಿ ಎಂದು ನಾನು ಹೇಳುವುದಿಲ್ಲ, ಏಕೆಂದರೆ ಪೊರೆ ತೆಳುವಿದ್ದರೂ ದಪ್ಪವಿದ್ದರೂ ಔಷಧಿಯ ದಾರಿ ಒಂದೇ. ‘ಎಫ್‌ಎಫ್‌ಆರ್ ಚೆನ್ನಾಗಿದೆ, ಇನ್ನು ಮಾತ್ರೆ ಏಕೆ’ ಎಂದು ಆರು ತಿಂಗಳಿಗೆ ಎಲ್ಲವನ್ನೂ ಬಿಟ್ಟು ಬರುವವರಿಗೆ ನಾನು ಈ ಸಂಖ್ಯೆಗಳನ್ನು ಹೇಳುತ್ತೇನೆ.

ನಿಮ್ಮ ಮೈದುನರ ಭಯದಲ್ಲಿ ಅರ್ಧ ಸತ್ಯವಿದೆ. ಸಾಧಾರಣ ಆಂಜಿಯೊಗ್ರಾಂನಲ್ಲಿ ಕ್ಯಾತಿಟರ್ ನಾಳದ ಬಾಯಿಯಲ್ಲೇ ನಿಲ್ಲುತ್ತದೆ, ಬ್ಲಾಕನ್ನು ಮುಟ್ಟುವುದಿಲ್ಲ. ಎಫ್‌ಎಫ್‌ಆರ್ ತಂತಿ, ಐವಸ್, ಒಸಿಟಿ ಇವೆಲ್ಲ ಬ್ಲಾಕ್ ದಾಟಿ ಹೋಗುತ್ತವೆ. ಆದರೆ ಬ್ಲಾಕ್ ಪದರದಡಿಯಲ್ಲಿರುವ ವಸ್ತುವಾದ್ದರಿಂದ ತುಂಡಾಗಿ ಕಿತ್ತುಕೊಂಡು ತೇಲಿಹೋಗುವುದು ಅಪರೂಪ. ತಂತಿಯಿಂದ ಆಗಬಹುದಾದದ್ದು ನಾಳ ತಾತ್ಕಾಲಿಕವಾಗಿ ಸೆಟೆದುಕೊಳ್ಳುವುದು, ಇನ್ನೂ ಅಪರೂಪವಾಗಿ ಒಳಪದರ ಸೀಳುವುದು. ಸೀಳಿದರೆ ಅಲ್ಲಿಯೇ ಸ್ಟೆಂಟ್ ಹಾಕಬೇಕಾಗಬಹುದು. ಅನುಭವಿಗಳ ಕೈಯಲ್ಲಿ ಇದು ನೂರಕ್ಕೆ ಒಂದಕ್ಕಿಂತ ಸಾಕಷ್ಟು ಕಡಿಮೆ. ಆಂಜಿಯೊಗ್ರಾಂನದ್ದೇ ದೊಡ್ಡ ಅಪಾಯಗಳಾದ ಸಾವು, ಹೃದಯಾಘಾತ, ಪಾರ್ಶ್ವವಾಯು ಒಂದೊಂದೂ ಸಾವಿರಕ್ಕೆ ಒಂದರಷ್ಟು ಅಥವಾ ಅದಕ್ಕಿಂತ ಕಡಿಮೆ. ಮಣಿಕಟ್ಟಿನ ನಾಳ ಮುಚ್ಚಿಹೋಗುವುದು ಅದಕ್ಕಿಂತ ಹೆಚ್ಚು, ಆದರೆ ಅಂಗೈಗೆ ಇನ್ನೊಂದು ನಾಳವೂ ರಕ್ತ ಕೊಡುವುದರಿಂದ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ.

ಹೊರಗಿನಿಂದಲೇ ಸ್ಕ್ಯಾನ್ ಮಾಡುವ ಸಿಟಿ ಆಂಜಿಯೊ ಒಳ್ಳೆಯ ಪರೀಕ್ಷೆಯೇ. ಎದೆನೋವು ಸಂದೇಹಾಸ್ಪದವಾಗಿದ್ದು, ಬ್ಲಾಕ್ ಇಲ್ಲವೆಂದು ಖಾತ್ರಿಪಡಿಸಿಕೊಳ್ಳಬೇಕಾದವರಿಗೆ ಅದು ಮೊದಲ ಆಯ್ಕೆಯಾಗಬಹುದು. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ಅವರು ತೀರಿಕೊಂಡ ಮೇಲೆ ರಾಜ್ಯದ ಹೃದಯ ಆಸ್ಪತ್ರೆಗಳಿಗೆ ತಪಾಸಣೆಗೆಂದು ಜನ ಮುಗಿಬಿದ್ದರಲ್ಲ, ಅವರಲ್ಲಿ ಅನೇಕರಿಗೆ ಕ್ಯಾತಿಟರಿನ ಅಗತ್ಯವೇ ಇರಲಿಲ್ಲ. ಆದರೆ ನಿಮ್ಮ ಯಜಮಾನರ ಆಂಜಿಯೊಗ್ರಾಂ ಆಗಲೇ ಮುಗಿದಿದೆ. ಸಿಟಿಯಲ್ಲಿಯೂ ಡೈ ಬೇಕು, ಸುಣ್ಣ ಕಟ್ಟಿದ್ದರೆ ಅದು ಬ್ಲಾಕನ್ನು ದೊಡ್ಡದಾಗಿ ತೋರಿಸುತ್ತದೆ, ಕೊನೆಗೆ ‘ನಡುಮಟ್ಟದ ಬ್ಲಾಕ್’ ಎಂಬ ವರದಿಯೊಂದಿಗೆ ನೀವು ಹೊರಟ ಜಾಗಕ್ಕೇ ಬಂದು ನಿಲ್ಲುತ್ತೀರಿ.

ಕಿಡ್ನಿಯ ಬಗ್ಗೆ: 56 ವರ್ಷದ ಗಂಡಸಿಗೆ ಕ್ರಿಯಾಟಿನಿನ್ 1.3 ಎಂದರೆ ಕಿಡ್ನಿಯ ಶೋಧನಾ ಸಾಮರ್ಥ್ಯ ತೋರಿಸುವ ಇಜಿಎಫ್‌ಆರ್ ಸುಮಾರು 64. ಇದು ಡೈಗೆ ಹೆದರುವ ಮಟ್ಟವಲ್ಲ. ನಿಜವಾದ ಎಚ್ಚರ ಬೇಕಾಗುವುದು 30ರ ಆಸುಪಾಸಿಗೆ ಇಳಿದಾಗ. ಆದರೂ ಕಳೆದ ವಾರವಷ್ಟೇ ಡೈ ಹೋಗಿರುವುದರಿಂದ ಮುಂದಿನ ಪರೀಕ್ಷೆಗೆ ಮುಂಚೆ ಕ್ರಿಯಾಟಿನಿನ್ ಮತ್ತೊಮ್ಮೆ ನೋಡಲಿ. ಚೆನ್ನಾಗಿ ನೀರು ಕುಡಿಯಲಿ. ನೋವಿನ ಮಾತ್ರೆಗಳನ್ನು ಮುಟ್ಟದಿರಲಿ, ಕಿಡ್ನಿಗೆ ಡೈಗಿಂತ ಹೆಚ್ಚು ಕೇಡು ಮಾಡಿದ್ದನ್ನು ನಾನು ಕಂಡಿರುವುದು ಅವೇ. ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಪರೀಕ್ಷೆಯ ದಿನ ನಿಲ್ಲಿಸಿ, 48 ಗಂಟೆಗಳ ನಂತರ ಕ್ರಿಯಾಟಿನಿನ್ ನೋಡಿ ಮತ್ತೆ ಶುರುಮಾಡಬೇಕೇ ಎಂದು ಕೇಳಿಕೊಳ್ಳಿ.

ಕಷಾಯದಿಂದ ಬ್ಲಾಕ್ ಕರಗುವುದಿಲ್ಲ. ಕೀಲೇಷನ್ ಎಂಬ ಡ್ರಿಪ್ ಚಿಕಿತ್ಸೆಯನ್ನೂ ಯಾರಾದರೂ ಸೂಚಿಸಬಹುದು. ಹೃದಯಾಘಾತವಾಗಿದ್ದ ಮಧುಮೇಹಿಗಳಲ್ಲಿ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದರಿಂದ ಪ್ರಯೋಜನ ಕಾಣಲಿಲ್ಲ. ಕರಗಿಸುತ್ತದೆಂದು ತೋರಿಸಿಕೊಟ್ಟಿರುವುದು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್‌ನಂಥ ಔಷಧಿ, ಅದೂ ತುಸುವೇ. 2006ರ ಒಂದು ಐವಸ್ ಅಧ್ಯಯನದಲ್ಲಿ ದಿನಕ್ಕೆ 40 ಮಿ.ಗ್ರಾಂ ರೋಸುವಾಸ್ಟ್ಯಾಟಿನ್ ಎರಡು ವರ್ಷ ಕೊಟ್ಟಾಗ, ಗೋಡೆಯೊಳಗಿನ ಕೊಬ್ಬಿನ ಪಾಲು ಸರಾಸರಿ ಒಂದು ಶೇಕಡಾದಷ್ಟು ಇಳಿಯಿತು. ಸಂಖ್ಯೆ ಸಣ್ಣದು; ಆದರೆ ಸ್ಟ್ಯಾಟಿನ್‌ನ ಲಾಭವಿರುವುದು ಗಾತ್ರ ಇಳಿಸುವುದಕ್ಕಿಂತ ಹೆಚ್ಚಾಗಿ ಆ ತೆಳುಪೊರೆಯನ್ನು ದಪ್ಪಗೊಳಿಸುವುದರಲ್ಲಿ.

ಹಾಗಾದರೆ ನಿಮ್ಮ ಮುಂದಿರುವ ದಾರಿಗಳು ಯಾವುವು? ಪರೀಕ್ಷೆಯನ್ನೇ ಮುಂದೂಡಿ ಎರಡು-ಮೂರು ತಿಂಗಳು ಔಷಧಿ ಸರಿಯಾಗಿ ತೆಗೆದುಕೊಂಡು ನೋಡುವುದು ಒಂದು. ಇದು ಉಡಾಫೆಯಲ್ಲ. ಭಾರತವೂ ಸೇರಿದಂತೆ 37 ದೇಶಗಳ 5,179 ಮಂದಿಯಲ್ಲಿ ನಡೆದು 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಅಧ್ಯಯನದಲ್ಲಿ, ಶ್ರಮಪಟ್ಟಾಗ ಮಾತ್ರ ತೊಂದರೆ ಕೊಡುವ ಸ್ಥಿರ ಕಾಯಿಲೆಯವರಿಗೆ ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿದ್ದರಿಂದ ಸಾವು, ಹೃದಯಾಘಾತಗಳು ಕಡಿಮೆಯಾಗಲಿಲ್ಲ. ಎದೆನೋವು ಮಾತ್ರ ಹೆಚ್ಚು ಚೆನ್ನಾಗಿ ಹತೋಟಿಗೆ ಬಂತು. ಎಡ ಮುಖ್ಯನಾಳದ ಬ್ಲಾಕ್ ಇದ್ದವರನ್ನು ಅದರಲ್ಲಿ ಸೇರಿಸಿಕೊಂಡಿರಲಿಲ್ಲ, ನಿಮ್ಮ ಯಜಮಾನರಿಗೂ ಅದಿಲ್ಲ. ಔಷಧಿಯ ಮೇಲೆ ನೋವು ನಿಂತು, ಅವರು ತರಗತಿಯ ಮೆಟ್ಟಿಲನ್ನು ಸಲೀಸಾಗಿ ಹತ್ತುವಂತಾದರೆ ತಂತಿಯೂ ಬೇಡ, ಕ್ಯಾಮೆರಾವೂ ಬೇಡ ಎನ್ನುವುದಕ್ಕೆ ಆಧಾರವಿದೆ. ನೋವು ನಿಲ್ಲದಿದ್ದರೆ, ಅಥವಾ ಈಗಾಗಲೇ ಸರಿಯಾದ ಪ್ರಮಾಣದ ಔಷಧಿಯ ಮೇಲೂ ನೋವಿದ್ದರೆ, ಎಫ್‌ಎಫ್‌ಆರ್ ಮಾಡಿಸಿ; 0.80 ಅಥವಾ ಅದಕ್ಕಿಂತ ಕಡಿಮೆ ಬಂದರೆ ಐವಸ್ ನೋಡಿಕೊಂಡು ಸ್ಟೆಂಟ್ ಹಾಕಿಸಿಕೊಳ್ಳಲಿ. ಆಮೇಲೆ ರಕ್ತ ತೆಳುವಾಗಿಸುವ ಎರಡು ಮಾತ್ರೆಗಳನ್ನು ಸಾಮಾನ್ಯವಾಗಿ ಆರು ತಿಂಗಳು ಬಿಡದೆ ತೆಗೆದುಕೊಳ್ಳಬೇಕಾಗುತ್ತದೆ, ಆ ಅವಧಿಯಲ್ಲಿ ಹಲ್ಲು ಕೀಳಿಸುವುದಿದ್ದರೂ ಹೃದಯ ವೈದ್ಯರನ್ನು ಕೇಳದೆ ನಿಲ್ಲಿಸುವಂತಿಲ್ಲ. ನಾನಾಗಿದ್ದರೆ ಮೊದಲ ದಾರಿಯಿಂದ ಆರಂಭಿಸುತ್ತಿದ್ದೆ. ಆದರೆ ಅವರು ಈಗ ಯಾವ ಮಾತ್ರೆಗಳ ಮೇಲಿದ್ದಾರೆಂದು ನೀವು ಬರೆದಿಲ್ಲವಾದ್ದರಿಂದ ಅದನ್ನು ನಿಮ್ಮ ವೈದ್ಯರೊಡನೆ ಕೂತು ತೀರ್ಮಾನಿಸಬೇಕು.

ಖರ್ಚಿನ ಬಗ್ಗೆ ಎರಡು ಮಾತು. 2017ರ ಫೆಬ್ರುವರಿಯಲ್ಲಿ ಕೇಂದ್ರದ ಬೆಲೆ ನಿಯಂತ್ರಣ ಪ್ರಾಧಿಕಾರ ಔಷಧಲೇಪಿತ ಸ್ಟೆಂಟಿಗೆ 29,600 ರೂಪಾಯಿಯ ಮಿತಿ ಹಾಕಿತು, ಆ ಮಿತಿ ಆಗಾಗ ಪರಿಷ್ಕೃತವಾಗುತ್ತದೆ. ಐವಸ್, ಒಸಿಟಿ ಕ್ಯಾತಿಟರ್ ಮತ್ತು ಎಫ್‌ಎಫ್‌ಆರ್ ತಂತಿಗಳು ಒಬ್ಬರಿಗೆ ಒಮ್ಮೆ ಬಳಸಿ ಎಸೆಯುವಂತೆ ತಯಾರಾದವು, ಬೆಲೆಯೂ ಆಸ್ಪತ್ರೆಯಿಂದ ಆಸ್ಪತ್ರೆಗೆ ಬಹಳ ಬದಲಾಗುತ್ತದೆ. ಅಂದಾಜು ಪಟ್ಟಿಯಲ್ಲಿ ತಂತಿ, ಕ್ಯಾಮೆರಾ, ಸ್ಟೆಂಟ್ ಮೂರರ ಬೆಲೆಯನ್ನೂ ಬೇರೆ ಬೇರೆಯಾಗಿ ಬರೆಸಿಕೊಳ್ಳಿ, ತಂತಿಯ ಅಳತೆ ಚೆನ್ನಾಗಿ ಬಂದರೆ ಉಳಿದ ಹಣದ ಕಥೆಯೇನು ಎಂದು ಮೊದಲೇ ಕೇಳಿ, ಬಿಲ್ಲಿನ ಜೊತೆ ಪೊಟ್ಟಣಗಳ ಸ್ಟಿಕ್ಕರ್ ಪಡೆಯಿರಿ.

ಈ ತೀರ್ಮಾನಕ್ಕೆಲ್ಲ ಸಮಯವಿದೆ ಎಂದು ನಾನು ಹೇಳುತ್ತಿರುವುದು ನೋವು ಶ್ರಮಪಟ್ಟಾಗ ಮಾತ್ರ ಬಂದು ನಿಂತರೆ ಹೋಗುತ್ತದೆ ಎಂಬ ಒಂದೇ ಆಧಾರದ ಮೇಲೆ. ಸುಮ್ಮನೆ ಕುಳಿತಾಗ ಬಂದರೆ, ಕಡಿಮೆ ಶ್ರಮಕ್ಕೇ ಬರತೊಡಗಿದರೆ, ಹದಿನೈದು-ಇಪ್ಪತ್ತು ನಿಮಿಷವಾದರೂ ಹೋಗದಿದ್ದರೆ ಅಪಾಯಿಂಟ್‌ಮೆಂಟ್ ದಿನಕ್ಕಾಗಿ ಕಾಯದೆ 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಸಿಗುತ್ತದೆ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದಾದರೆ ಟೈಪು ಮಾಡಿದ ವರದಿಯೊಂದನ್ನೇ ಒಯ್ಯಬೇಡಿ, ಆಂಜಿಯೊಗ್ರಾಂನ ಸಿ.ಡಿ.ಯನ್ನೂ ಕೇಳಿ ಪಡೆದುಕೊಳ್ಳಿ. ಆ ಶೇ 60 ಮೊದಲ ವೈದ್ಯರ ಕಣ್ಣಳತೆ, ಎರಡನೆಯವರು ತಮ್ಮ ಕಣ್ಣಿನಿಂದ ಮತ್ತೊಮ್ಮೆ ನೋಡಲಿ.